ಹಾಳೆ ಮಗುಚುವವನು

"ಹಾಳೆ ಇಲ್ದೆ ನುಡಿಸೋಕಾಗುತ್ತೇನ್ರೀ?" ಎಂದು ಭಾಷ್ಯಂ ಕೇಳಿದಾಗ ಸಂಪತ್ಕುಮಾರನಿಗೆ ಒಳಗೊಳಗೇ ನಗು ಬಂತು. ಹಾಳೆ ಇಲ್ಲದೆ ತಡವರಿಸುವವನು ಸುಂದರರಾಜ, ತಾನಲ್ಲ.

"ಆಗುತ್ತೆ ಸಾರ್. ಹನ್ನೆರಡು ವರ್ಷ ನುಡಿಸಿರೋದು ಮರೆಯುತ್ತಾ?" ಎಂದ.

ಭಾಷ್ಯಂ ಮೈಸೂರಿನಲ್ಲಿ ಸಿಂಫನಿ ವಾದ್ಯವೃಂದವೊಂದನ್ನು ನಡೆಸುವವರು. ದೇವರ ದರ್ಶನಕ್ಕೆಂದು ಬೇಲೂರಿಗೆ ಬಂದು ಸಂಪತ್ಕುಮಾರನ ಮನೆಯಲ್ಲಿ ಇಳಿದಿದ್ದರು. ದಸರೆಯಿಂದ ಶಿವರಾತ್ರಿವರೆಗಿನ ಕಛೇರಿಗಳ ಪಟ್ಟಿ ಅವರ ಕೈಚೀಲದಲ್ಲಿತ್ತು: ಎರಡು ಹೈಡನ್, ಮೂರು ಮೊಜಾರ್ಟ್, ಕೊನೆಯ ದಿನಕ್ಕೆ ಬೀಥೋವನ್. ಪಿಟೀಲು ಸಾಲಿನ ಮೊದಲ ಕುರ್ಚಿಯವರು ನಿವೃತ್ತರಾಗಿದ್ದರಿಂದ ಆ ಜಾಗಕ್ಕೆ ಹೆಸರು ಬರೆಯುವುದು ಬಾಕಿ ಇತ್ತು. ಬರೆದರೆ ಇವನದು ಬರೆಯಬೇಕು, ಇಲ್ಲವೇ ಅರಸೀಕೆರೆಯ ಸುಂದರರಾಜನದು. ಹಾಗಾಗಿ ಅವನಿಗೂ ಕಾರ್ಡು ಹೋಗಿ, ಅವನು ಬೆಳಗಿನ ಬಸ್ಸಿಗೆ ಪಿಟೀಲು ಪೆಟ್ಟಿಗೆ ಹಿಡಿದು ಬಂದು ಹಜಾರದ ಕಂಬಕ್ಕೆ ಒರಗಿ ಕೂತಿದ್ದ. ಸಂಗೀತದ ಹಾಳೆಗಳೆಲ್ಲ ಮೈಸೂರಿನ ಬೀರುವಿನಲ್ಲಿ ಬೀಗದೊಳಗಿದ್ದವು.

ಸಂಪತ್ಕುಮಾರ, ಸುಂದರರಾಜ ಇಬ್ಬರೂ ವಾದ್ಯವೃಂದಕ್ಕೆ ಸೇರಿದ್ದು ಒಂದೇ ದಿನ. ಅಲ್ಲಿ ಇಬ್ಬರಿಗೊಂದು ಸ್ಟ್ಯಾಂಡು, ಇಬ್ಬರಿಗೂ ಒಂದೇ ಹಾಳೆ. ಸಭೆಯ ಕಡೆ ಕೂತವನು ನುಡಿಸುತ್ತಲೇ ಇರಬೇಕು. ಒಳಗಡೆ ಕೂತವನು ಪುಟ ಮುಗಿಯುತ್ತ ಬಂದಾಗ ಕಮಾನು ಇಳಿಸಿ, ಹಾಳೆ ಮಗುಚಿ, ಮತ್ತೆ ಸೇರಿಕೊಳ್ಳಬೇಕು. ಮೊದಲ ದಿನ ಸುಂದರರಾಜ ಅರ್ಧ ಗಂಟೆ ಮುಂಚೆ ಬಂದು ಸಭೆಯ ಕಡೆಯ ಕುರ್ಚಿ ಹಿಡಿದಿದ್ದ. ಹಿಡಿದವನು ಬಿಡಲಿಲ್ಲ. ಅರ್ಧ ಗಂಟೆಗೆ ಹೊತ್ತಿದ ಹೊಟ್ಟೆಕಿಚ್ಚು ಹನ್ನೆರಡು ವರ್ಷ ಆರದೆ ಉರಿಯಿತು. ಜನ ನೋಡುವುದು ಅವನ ಮುಖ, ಫೋಟೋದಲ್ಲಿ ಬರುವುದು ಅವನ ಮುಖ. ಸಂಪತ್ಕುಮಾರನದು ಬರೀ ಒಂದು ಕಿವಿ, ಅರ್ಧ ಕ್ರಾಪು.

"ಅವನು ಬೆರಳು ಜಾರಿಸ್ತಾನೆ ಕಣೇ," ಎಂದು ಊರಿಗೆ ಬಂದಾಗಲೆಲ್ಲ ಹೆಂಡತಿ ಯದುಗಿರಿಯ ಹತ್ತಿರ ಹೇಳುತ್ತಿದ್ದ. "ಸ್ವರದಿಂದ ಸ್ವರಕ್ಕೆ ಸರಿಯಾಗಿ ಹೆಜ್ಜೆ ಇಡಬೇಕು. ಇವನು ಪಾಚಿ ಮೇಲೆ ಕಾಲಿಟ್ಟೋರ ಹಾಗೆ ಜಾರ್ತಾನೆ."

"ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು," ಎನ್ನುತ್ತಿದ್ದಳು ಯದುಗಿರಿ. ಹಿಂದೊಮ್ಮೆ ಸುಂದರರಾಜ ಊಟಕ್ಕೆ ಬಂದು ನುಡಿಸಿ ಹೋದ ಮೇಲೆ, "ಆ ಜಾರೋದೇ ನಂಗೆ ಹಿತವಾಗಿ ಕೇಳುತ್ತಪ್ಪ," ಎಂದೂ ಅಂದಿದ್ದಳು. ಸಂಪತ್ಕುಮಾರ ಎರಡು ದಿನ ಅವಳ ಹತ್ತಿರ ಮಾತು ಬಿಟ್ಟಿದ್ದ.

ಇವತ್ತು ಮೊದಲು ನುಡಿಸಿದವನು ಸುಂದರರಾಜ. ಹೈಡನ್ನನ ನಾಲ್ಕು ಪುಟದ ಒಂದು ಭಾಗ. ಎರಡು ಕಡೆ ಎಡವಿದ, ಒಂದು ಕಡೆ ಶ್ರುತಿ ಏರಿತು, ಜಾರಬೇಕಾದಲ್ಲೆಲ್ಲ ಜಾರಿದ, ಜಾರಬಾರದಲ್ಲೂ ಜಾರಿದ. ಅಂತೂ ಮುಗಿಸಿ ಹಣೆ ಒರೆಸಿಕೊಂಡ. ಸಂಪತ್ಕುಮಾರನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅವನು ಎದ್ದು ನಿಂತು ಕಣ್ಣು ಮುಚ್ಚಿದ. ಹಾಳೆ ಕಣ್ಣೊಳಗೇ ಇತ್ತು, ಮೂಲೆಯಲ್ಲಿದ್ದ ಮಸಿಯ ಕಲೆಯೂ ಸೇರಿ. ಕಮಾನು ಎಳೆದ. ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ ಬಂತು. ಭಾಷ್ಯಂ ನೆಟ್ಟಗೆ ಕೂತರು. ಅಡುಗೆಮನೆಯ ಬಾಗಿಲಿಗೆ ಯದುಗಿರಿ ಬಂದು ನಿಂತಳು. ಹಾಗೇ ನುಡಿಸುತ್ತ ನುಡಿಸುತ್ತ ಅವನ ಕಮಾನು ತಂತಿ ಬಿಟ್ಟು ಕೆಳಗಿಳಿಯಿತು. ಕೈ ಗಾಳಿಯಲ್ಲಿ ಮುಂದೆ ಹೋಗಿ, ಏನನ್ನೋ ಚಿವುಟಿ ಹಿಡಿದು ಎಡಕ್ಕೆ ಹೊರಳಿಸಿತು. ಹಜಾರ ನಿಶ್ಶಬ್ದವಾಗಿತ್ತು. ಆಮೇಲೆ ಕಮಾನು ಮೇಲೆದ್ದು, ತಾಳ ತಪ್ಪದೆ, ಮುಂದಿನ ಪುಟದಲ್ಲಿ ಸೇರಿಕೊಂಡಿತು.

ಎರಡನೇ ಸಲ ಕಮಾನು ಇಳಿದಾಗ ನಿಶ್ಶಬ್ದ ಇರಲಿಲ್ಲ. ಕಂಬದ ಹತ್ತಿರ ಕೂತಿದ್ದ ಸುಂದರರಾಜನ ಪಿಟೀಲು ಅಭ್ಯಾಸಬಲದಿಂದ ತಾನಾಗಿ ಹೆಗಲೇರಿ, ಅವನು ಬಿಟ್ಟ ನಾಲ್ಕು ಗೆರೆ ನುಡಿಸಿ ಇಳಿಯಿತು. ಮೂರನೇ ಸಲವೂ ಅಷ್ಟೇ. ಸಂಪತ್ಕುಮಾರನಿಗೆ ಇದಾವುದೂ ವಿಚಿತ್ರವೆನ್ನಿಸಲಿಲ್ಲ. ಮುಗಿಸಿ, ಗೆದ್ದವನ ಹಾಗೆ ಕಣ್ಣು ಬಿಟ್ಟ.

"ನಡುನಡುವೆ ನಿಲ್ಲಿಸಿದ್ರಲ್ಲ, ಯಾಕೆ?" ಎಂದರು ಭಾಷ್ಯಂ.

"ನಾನೆಲ್ಲಿ ನಿಲ್ಲಿಸಿದೆ ಸಾರ್?"

ಸುಂದರರಾಜ ನೆಲ ನೋಡುತ್ತ, "ಹಾಳೆ ಮಗುಚಿದ ಸಾರ್," ಎಂದ. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಂಪತ್ಕುಮಾರ ಅವನನ್ನು ಸುಲಭವಾಗಿ ದ್ವೇಷಿಸಬಹುದಿತ್ತು.

"ನಿಮ್ಮ ಕೈ ಚೊಕ್ಕ ಕಣ್ರೀ, ಇವರಿಗಿಂತ ಚೊಕ್ಕ," ಎಂದರು ಭಾಷ್ಯಂ. "ಆದ್ರೆ ಮೊದಲ ಕುರ್ಚೀಲಿ ಕೂತೋನು ನಿಲ್ಲಿಸೋ ಹಾಗಿಲ್ಲ." ಪಟ್ಟಿ ತೆಗೆದು ಸುಂದರರಾಜನ ಹೆಸರು ಬರೆದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಊಟವಾದ ಮೇಲೆ ಅತಿಥಿಗಳಿಬ್ಬರೂ ಹಳೇಬೀಡು ನೋಡಲು ಬಸ್ಸು ಹತ್ತಿದರು. ಸಂಜೆ ಕಾಫಿಗೆ ವಾಪಸು ಬರುತ್ತೇವೆ ಎಂದಿದ್ದರು. ಸಂಪತ್ಕುಮಾರ ತಲೆನೋವೆಂದು ಉಳಿದ. ಸುಂದರರಾಜ ಹೊಸಿಲಲ್ಲಿ ನಿಂತು, "ನೀನೂ ಬಾರೋ," ಎಂದು ಎರಡು ಸಲ ಕರೆದಿದ್ದ. ಅದೂ ಹೊಟ್ಟೆ ಉರಿಸಿತು.

ಬೀದಿಬಾಗಿಲು ಮುಂದೆ ಮಾಡಿ, ಪಿಟೀಲು ತೆಗೆದು, ಮೊದಲ ಪುಟದಿಂದ ನುಡಿಸಿದ. ಪುಟದ ಕೊನೆ ಬಂದಾಗ ಹಲ್ಲು ಕಚ್ಚಿ ಕಮಾನು ಇಳಿಯದಂತೆ ಹಿಡಿದ. ಮುಂದೇನು? ಆ ನಾಲ್ಕು ಗೆರೆಯನ್ನು ಅವನು ಒಮ್ಮೆಯೂ ನುಡಿಸಿರಲಿಲ್ಲ. ಆದರೆ ಕೇಳಿದ್ದ, ಹನ್ನೆರಡು ವರ್ಷ, ಒಂದೇ ಕೈಯಿಂದ. ತಡಕಿದ. ಒಂದು ಸ್ವರ ಸಿಕ್ಕಿತು, ಅದರ ಹಿಂದೆ ಇನ್ನೊಂದು. ಐದಾರು ಸಲಕ್ಕೆ ಪೂರ್ತಿ ಬಂತು. ಬಂದದ್ದನ್ನು ಕೇಳಿಸಿಕೊಂಡು ಅವನು ತಣ್ಣಗಾದ. ಬೆರಳು ಜಾರಿತ್ತು. ಜಾರಿಸದೆ ನುಡಿಸಲು ನೋಡಿದ. ಮತ್ತೆ ಜಾರಿತು. ಬೇರೆ ಥರ ಆ ಗೆರೆಗಳು ಅವನಿಗೆ ಬರುತ್ತಲೇ ಇರಲಿಲ್ಲ. ಬಿಡದೆ ನುಡಿಸಿದ.

ಅಡುಗೆಮನೆಯಿಂದ ಯದುಗಿರಿ ತಟ್ಟೆ ಹಿಡಿದು ಬಂದಳು. "ಇಷ್ಟ್ ಬೇಗ ಬಂದ್ಬಿಟ್ರಾ ಸುಂದರರಾಜರು?" ಎನ್ನುತ್ತ ಹಜಾರದ ಕಂಬದ ಕಡೆ ನೋಡಿದಳು, ಮುಂದೆ ಮಾಡಿದ್ದ ಬಾಗಿಲ ಕಡೆ ನೋಡಿದಳು, ಆಮೇಲೆ ಗಂಡನ ಕೈಯಲ್ಲಿದ್ದ ಪಿಟೀಲನ್ನು.

ತಟ್ಟೆಯಲ್ಲಿ ಮೂರು ಲೋಟ ಕಾಫಿ ಇತ್ತು.