ಮಗ್ಗದ ಬೀದಿಗೆ ಮೀಟರ್ ಬಂತು

ಇಪ್ಪತ್ತು ದಿನದಿಂದ ರುಕ್ಮಿಣಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ, ಅವಳ ಮನೆ ಪಕ್ಕದ ಸೈಟಿನಲ್ಲಿ ಬಂಡೆ ಒಡೆಯುವ ಮಷೀನು ಹಗಲೆಲ್ಲ ಕುಟ್ಟುತ್ತಿತ್ತು. ನಾಲ್ಕಂತಸ್ತು ಎಬ್ಬಿಸುತ್ತಾರಂತೆ. ಎಬ್ಬಿಸಿಕೊಳ್ಳಲಿ, ಯಾರು ಬೇಡವೆಂದರು? ಆದರೆ ಅವಳ ಮನೆಯ ಎರಡು ಪವರ್‌ಲೂಮಿಗೂ ಕಿವಿಯೇ ಕಾವಲು. ಲಾಳಿ ದಾರಿ ತಪ್ಪುವ ಮುಂಚೆ ಮಗ್ಗದ ಸದ್ದು ಬದಲಾಗುತ್ತದೆ, ಕೇಳಿದವರು ಥಟ್ಟನೆ ನಿಲ್ಲಿಸುತ್ತಾರೆ. ಹೋದ ವಾರ ಆ ದರಿದ್ರ ಮಷೀನಿನ ಗದ್ದಲದಲ್ಲಿ ಏನೂ ಕೇಳಲಿಲ್ಲ. ಲಾಳಿ ಹಾರಿ ಸೊಸೆ ಅನಿತಳ ಹುಬ್ಬು ಸೀಳಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ರುಕ್ಮಿಣಮ್ಮ ಸೈಟಿನ ಮೇಸ್ತ್ರಿ ಬೀರೇಶನ ಹತ್ತಿರ ಹೋಗಿ, ಮಧ್ಯಾಹ್ನದವರೆಗೆ ನೀವು ಕುಟ್ಟಿ, ಆಮೇಲೆ ನಾವು ನೇಯುತ್ತೇವೆ ಎಂದು ಹೊತ್ತು ಹಂಚಿಕೊಳ್ಳಲು ಕೇಳಿದಳು. ಮಗ್ಗದವರಿಗೂ ಸದ್ದಿನ ಕಾಟವೇ ಎಂದು ಅವನು ನಕ್ಕ. ಅವತ್ತೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಷೀನಿನ ಸದ್ದಿನ ಮೇಲೆ ಅರ್ಜಿ ಹಾಕಿದಳು.

ಐದನೇ ದಿನ ಮಂಡಳಿಯ ಅಧಿಕಾರಿ ಸದ್ದು ಅಳೆಯುವ ಮೀಟರ್ ಹಿಡಿದು ಬಂದ. ಬೀರೇಶನಿಗೆ ಯಾರು ಹೇಳಿದ್ದರೋ, ಬೆಳಿಗ್ಗೆಯಿಂದ ಮಷೀನು ಬಾಯಿ ಮುಚ್ಚಿಕೊಂಡಿತ್ತು. ಅಧಿಕಾರಿ ಅವಳ ಜಗಲಿಯ ಮೇಲೇ ನಿಂತು ಮೀಟರ್ ಎತ್ತಿದ. ಒಳಗೆ ಮಗ್ಗ ಓಡುತ್ತಲೇ ಇತ್ತು. ನಿಲ್ಲಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅದು ಅವಳಿಗೆ ಸದ್ದು ಅನ್ನಿಸಿರಲಿಲ್ಲ.

"ಗಲಾಟೆ ಮಾಡ್ತಿರೋದು ನೀವೇ ಅಲ್ವೇನಮ್ಮ," ಎಂದು ಅವನು ಬರೆದುಕೊಳ್ಳತೊಡಗಿದ.

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯಿತಲ್ಲ! ರುಕ್ಮಿಣಮ್ಮ ಸೊಸೆಯನ್ನು ಎಳೆದು ತಂದು ಹುಬ್ಬಿನ ಹೊಲಿಗೆ ತೋರಿಸಿದಳು. ಹೇಳದೆ ಕೇಳದೆ ಒಂದು ದಿನ ಬಂದು ನೋಡಿ ಎಂದು ಜಗಳಕ್ಕೇ ನಿಂತಳು. ಹೊಲಿಗೆ ಬರೆಯಲು ಫಾರಂನಲ್ಲಿ ಜಾಗವಿಲ್ಲ, ಈಗಲೇ ಮಗ್ಗ ನಿಲ್ಲಿಸದಿದ್ದರೆ ನೋಟೀಸು ನಿಮಗೇ ಬರುತ್ತದೆ ಎಂದ ಅವನು. ಅನಿತ ಹೆದರಿ ಸ್ವಿಚ್ ಆರಿಸಿದಳು.

ಆ ಬೀದಿಯಲ್ಲಿ ಕರೆಂಟ್ ಹೋದರೆ ಎಲ್ಲ ಮಗ್ಗಗಳೂ ಒಟ್ಟಿಗೇ ನಿಲ್ಲುತ್ತವೆ. ಹಾಡುಹಗಲಲ್ಲಿ ಒಂದೇ ಮನೆಯ ಮಗ್ಗಗಳು ನಿಂತರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಎದುರು ಮನೆಯ ಮುನಿರಾಮಯ್ಯ ಬರಿಗಾಲಲ್ಲೇ ಓಡಿ ಬಂದ. ಅವನ ಹಿಂದೆ ಅರ್ಧ ಬೀದಿ ಬಂತು.

"ಯಾರು ಹೋದ್ರು, ರುಕ್ಮಿಣಕ್ಕ?"

ರುಕ್ಮಿಣಮ್ಮ ಅಧಿಕಾರಿಯ ಪೆನ್ನನ್ನೇ ನೋಡುತ್ತ ಹೇಳಿದಳು.

"ಇನ್ನೂ ಯಾರೂ ಹೋಗಿಲ್ಲ ಕಣಪ್ಪ. ಇವ್ರು ಬರ್ದು ಮುಗಿಸ್ಲಿ ಅಂತ ಕಾಯ್ತಿದೀವಿ."