ಬೆತ್ತದ ಮಾಮನ ಕೈ ಕಟ್ಟಿ ಹಾಕಿದವರು

ಲಾಕ್‌ಡೌನ್ ಮುಗಿಯಿತು. ನಮ್ಮ ಬೀದಿಯ ಅಂಗಡಿಗಳೆಲ್ಲ ಬಾಗಿಲು ತೆರೆದವು. ಜನ ಹೊರಗೆ ಬಂದರು, ಚೌಕಾಸಿ ಮಾಡಿದರು, ಮೊದಲಿನ ಹಾಗೆ ಜಗಳವನ್ನೂ ಆಡಿದರು. ಪಕ್ಕದ ಮನೆಯ ಬೆತ್ತದ ಮಾಮ ಮಾತ್ರ ಹೊರಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಒಬ್ಬರಾದರೂ ಕೇಳಿದರಾ? ಇಲ್ಲ. ನನ್ನ ಸಿಟ್ಟು ಶುರುವಾಗುವುದು ಅಲ್ಲಿಂದಲೇ.

ಬೆತ್ತದ ಮಾಮನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕುರ್ಚಿ ರಿಪೇರಿ ಅಂಗಡಿಯಲ್ಲಿ ಬೆತ್ತ ಹೆಣೆಯುವುದು ಅವನ ಕೆಲಸ. ನೆನೆಸಿದ ಬೆತ್ತದ ಪಟ್ಟಿಯನ್ನು ಬೆರಳ ತುದಿಯಲ್ಲೇ ನೋಡುತ್ತಾನೆ, ಎಳೆದು ಬಿಗಿಯುತ್ತಾನೆ, ಮತ್ತೆ ಸವರಿ ನೋಡುತ್ತಾನೆ. ಒಂದು ಎಳೆ ಸಡಿಲ ಅನಿಸಿದರೂ ಪೂರ್ತಿ ಬಿಚ್ಚಿ ಹಾಕುತ್ತಾನೆ. ನಾನು ಬಟ್ಟೆ ಹೊಲಿಯುವವಳು, ದಿನವಿಡೀ ಕೂತೇ ಇರುವವಳು. ನನ್ನ ಕುರ್ಚಿಯನ್ನು ಸವರಿದಾಗಲೆಲ್ಲ "ಟೈಲರಮ್ಮಾ, ಈ ಕುರ್ಚಿ ಮೇಲೆ ಸ್ವಲ್ಪ ಕರುಣೆ ಇರ್ಲಿ" ಎಂದು ಕಿಚಾಯಿಸುತ್ತಿದ್ದ.

ಲಾಕ್‌ಡೌನಿನಲ್ಲಿ ನಾನು ಮಗಳ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಇಲ್ಲಿ ನಡೆದದ್ದೆಲ್ಲ ನನಗೆ ತಿಳಿದದ್ದು ಆಮೇಲೆ. ಹಾಲಿನ ಅಂಗಡಿಯ ಮುಂದೆ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿದ್ದರಂತೆ. ಒಂದು ಗೆರೆಯೊಳಗೆ ಒಬ್ಬರು. ಮಾಮ ಗೊತ್ತಾಗದೆ ಬೇರೆಯವರ ಗೆರೆಯೊಳಗೆ ಕಾಲಿಟ್ಟ. "ಕಣ್ಣು ಕಾಣ್ಸಲ್ವೇನಯ್ಯ?" ಎಂದು ಯಾರೋ ಕೂಗಿದರು. "ಇಲ್ಲ ಸ್ವಾಮಿ" ಅಂದ. ಸಾಲಿನಲ್ಲಿದ್ದವರು ನಕ್ಕರಂತೆ. ನಕ್ಕರು! ದಿನಾ ಕೈ ಹಿಡಿದು ಅವನನ್ನು ರಸ್ತೆ ದಾಟಿಸುತ್ತಿದ್ದವರೇ ಅಲ್ಲಿ ನಿಂತಿದ್ದರು. ಒಬ್ಬರೂ ಕೈ ಕೊಡಲಿಲ್ಲ. ಅವನು ಗೋಡೆ ತಡವಿಕೊಂಡು ಮನೆಗೆ ಬಂದ.

ಬಾಗಿಲಲ್ಲಿ ಅವನ ಅಕ್ಕ ಕಾದಿದ್ದಳು. "ಗೋಡೆ ಯಾಕೋ ಮುಟ್ದೆ? ಯಾರ್ಯಾರು ಮುಟ್ಟಿರ್ತಾರೋ ಏನೋ!"

ಅಕ್ಕ ಕೆಟ್ಟವಳಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಮಗನ ಹಾಗೆ ನೋಡಿಕೊಂಡವಳು. ಅವನಿಗೆ ರೋಗ ತಗುಲಿದರೆ ಏನು ಗತಿ ಎಂಬ ಭಯ ಅವಳಿಗೆ. ಆದರೆ ಅವತ್ತಿನಿಂದ ಆ ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಒಂದೇ ಮಾತು. ಚಿಲಕ ಮುಟ್ಟಬೇಡ. ಮೇಜು ಮುಟ್ಟಬೇಡ. ಮಕ್ಕಳನ್ನ ಮುಟ್ಟಬೇಡ. ಮುಟ್ಟಿದರೆ ಕೈ ತೊಳೆ, ಇನ್ನೊಂದು ಸಲ ತೊಳೆ. ಕಣ್ಣಿದ್ದವರಿಗೆ ತಿಂಗಳುಗಟ್ಟಲೆ ಕಣ್ಣು ಮುಚ್ಚಿಕೊಂಡಿರು ಅಂದರೆ ಇರುತ್ತಾರಾ? ಅವನಿಗೆ ಹೇಳಿದ್ದು ಅದನ್ನೇ.

ನಾನು ವಾಪಸು ಬಂದವಳೇ ಹರಿದ ಕುರ್ಚಿ ಎತ್ತಿಕೊಂಡು ಅವರ ಮನೆಗೆ ಹೋದೆ. ಮಾಮ ಮೂಲೆಯ ಸ್ಟೂಲಿನ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸೋಪು ಹಾಕಿ ಉಜ್ಜಿ ಉಜ್ಜಿ ಕೈಯ ಚರ್ಮ ಒಡೆದು ಕೆಂಪಗಾಗಿತ್ತು.

"ಮಾಮ, ಈ ಕುರ್ಚಿ ಸ್ವಲ್ಪ ನೋಡು" ಅಂದೆ.

"ಅಲ್ಲಿಡಿ" ಅಂದ. ಕೈ ಅಲ್ಲಾಡಲಿಲ್ಲ.

ಅಕ್ಕ ಹೆಮ್ಮೆಯಿಂದಲೇ ಹೇಳಿದಳು: "ಈಗ ಪಾಪ, ಹೇಳಿದ ಮಾತೆಲ್ಲ ಕೇಳ್ತಾನೆ. ಕೂತಲ್ಲೇ ಕೂತಿರ್ತಾನೆ. ತಂಟೆಯಿಲ್ಲ, ತಕರಾರಿಲ್ಲ."

ಅವಳು ಒಳಗೆ ಹೋದಳು. ಮಾಮ ದನಿ ತಗ್ಗಿಸಿ ಹೇಳಿದ: "ನಾನಿಲ್ದೇ ಹೋದ್ರೆ ಅಕ್ಕಂಗೆ ನೆಮ್ಮದಿ. ಅಲ್ವಾ ಟೈಲರಮ್ಮ?"

ಅಕ್ಕನನ್ನು ಕೂಗಿ, ತಮ್ಮನ ಪಕ್ಕದಿಂದ ಏಳಬೇಡ ಎಂದು ಹೇಳಿ, ನೆಟ್ಟಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸಮ್ಮನನ್ನು ಕರೆದುಕೊಂಡು ಬಂದೆ.

ಅಷ್ಟರಲ್ಲಿ ಅಕ್ಕನ ಗಂಡ, ಮಾಮನ ಭಾವ, ಕೆಲಸದಿಂದ ಬಂದಿದ್ದ. ನರ್ಸಮ್ಮನನ್ನು ನೋಡಿ ಮುಖ ಗಂಟಿಕ್ಕಿದ. "ಏನಾಗಿದೆ ಇವ್ನಿಗೆ? ಜ್ವರ ಇಲ್ಲ, ಕೆಮ್ಮು ಇಲ್ಲ. ಹೊತ್ತು ಹೊತ್ತಿಗೆ ಊಟ ಹಾಕ್ತಿದೀವಿ."

"ಊಟ ಹಾಕಿದೀರಿ. ಜೊತೇಲಿ ಯಾರಾದ್ರೂ ಕೂತು ಊಟ ಮಾಡಿದೀರಾ?" ಎಂದು ನರ್ಸಮ್ಮ ಕೇಳಿದಳು.

ಆಮೇಲೆ ಅವಳು ಮಾಮನ ಎದುರು ನೆಲದ ಮೇಲೆ ಕೂತು ನೇರವಾಗಿ ಕೇಳಿದಳು: "ಸತ್ತು ಹೋಗ್ಬೇಕು ಅಂತ ಅನ್ಸುತ್ತಾ?"

"ಅಯ್ಯೋ, ಬಿಡ್ತು ಅನ್ರಿ!" ಅಕ್ಕ ಕಿರುಚಿದಳು. "ಇಲ್ದಿರೋದನ್ನ ತಲೆಗೆ ತುಂಬ್ತೀರಾ?"

"ಕೇಳಿದ್ರೆ ಅಂಥ ಯೋಚನೆ ಬರಲ್ಲಮ್ಮ. ಇದ್ರೆ ಹೊರಗೆ ಬರುತ್ತೆ. ಸ್ವಲ್ಪ ಸುಮ್ನಿರಿ."

ಮಾಮ ಒಡೆದ ಕೈಗಳನ್ನು ಒಂದಕ್ಕೊಂದು ಉಜ್ಜಿಕೊಂಡ. ಕೊನೆಗೆ "ಹೂಂ" ಅಂದ. "ದಿನಾ ಅನ್ಸುತ್ತೆ. ನಾನು ಮುಟ್ಟಿದ್ದೆಲ್ಲ ಹೊಲಸಾಗುತ್ತೆ. ಹಂಗಿದ್ಮೇಲೆ ಯಾಕಿರ್ಬೇಕು?"

ಅಕ್ಕ ಬಾಗಿ ತಮ್ಮನ ಕೈ ಹಿಡಿಯಲು ನೋಡಿದಳು. ಅವನು ಸಟಕ್ಕನೆ ಕೈ ಹಿಂದೆಳೆದುಕೊಂಡ.

"ಮುಟ್ಟಬೇಡಕ್ಕಾ" ಅಂದ. "ಕೈ ತೊಳ್ದಿಲ್ಲ."

ಅವಳು ಅತ್ತದ್ದನ್ನು ನಾನು ವರ್ಣಿಸುವುದಿಲ್ಲ. ಅವಳ ಮೇಲೆ ನನಗೆ ಕರುಣೆಯೂ ಬಂತು, ಕೆನ್ನೆಗೆ ಬಾರಿಸಬೇಕು ಅಂತಲೂ ಅನಿಸಿತು.

"ನಂದು ತಪ್ಪಾ? ರೋಗ ಸುಳ್ಳಾ?" ಎಂದು ಅಕ್ಕ ಬಿಕ್ಕಿದಳು.

"ರೋಗ ಸುಳ್ಳಲ್ಲ. ಕೈ ತೊಳ್ಸಿದ್ದೂ ತಪ್ಪಲ್ಲ" ಅಂದಳು ನರ್ಸಮ್ಮ. "ಮುಟ್ಟಿ ತೊಳ್ಕೋ ಅಂದಿದ್ರೆ ಸಾಕಿತ್ತು. ಮುಟ್ಟಲೇ ಬೇಡ ಅಂದ್ಬಿಟ್ರಿ. ಜೊತೆಗಿದ್ದೂ ಒಂಟಿ ಮಾಡಿದ್ರಿ. ಮನಸ್ಸಿಗೂ ಕಾಯಿಲೆ ಬರುತ್ತಮ್ಮ, ಅದಕ್ಕೂ ಡಾಕ್ಟ್ರಿದ್ದಾರೆ. ನಾಳೆ ಬೆಳಗ್ಗೇನೇ ಹೋಗೋಣ. ಅಲ್ಲೀವರೆಗೂ ಒಬ್ರನ್ನೇ ಬಿಡ್ಬೇಡಿ. ಮಾತ್ರೆ, ಫಿನಾಯ್ಲು, ಹಗ್ಗ, ಕತ್ತರಿ ಏನೂ ಕೈಗೆ ಸಿಗೋ ಜಾಗದಲ್ಲಿ ಇಡ್ಬೇಡಿ."

"ಹುಚ್ಚರ ಡಾಕ್ಟ್ರ ಹತ್ರ ಹೋದ್ರೆ ಬೀದಿ ಜನ ಏನಂತಾರೆ?" ಎಂದು ಭಾವ ಗೊಣಗಿದ.

ನನಗೆ ತಡೆಯಲಾಗಲಿಲ್ಲ. "ಯಾವ ಬೀದಿ ಜನ? ಹಾಲಿನ ಅಂಗಡಿ ಮುಂದೆ ಹಲ್ಲು ಕಿರಿದ್ರಲ್ಲ, ಅವ್ರಾ? ಅವ್ರ ಮಾತಿಗೆ ಈ ಜೀವ ಬಲಿ ಕೊಡ್ತೀಯಾ? ನಾಚಿಕೆ ಆಗ್ಬೇಕು ನಿಂಗೆ!"

ಭಾವ ತಲೆ ತಗ್ಗಿಸಿದ. ಅವತ್ತು ರಾತ್ರಿ ಬಾಮೈದನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದವನೂ ಅವನೇ. ಬೆಳಗ್ಗೆ ಆಟೋ ಕರೆಸಿದವನೂ ಅವನೇ.

ಖಿನ್ನತೆ ಅಂದರು ಡಾಕ್ಟರು. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ಮಂತ್ರ ಹಾಕಿದ ಹಾಗೆ ಏನೂ ಸರಿಹೋಗಲಿಲ್ಲ. ಒಂದು ದಿನ ಚೆನ್ನಾಗಿದ್ದರೆ ಇನ್ನೊಂದು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅಕ್ಕ ದಿನಾ ಪಕ್ಕದಲ್ಲಿ ಕೂತು ಅವನ ಒಡೆದ ಕೈಗೆ ಎಣ್ಣೆ ಸವರಿದಳು. ಮೊದಮೊದಲು ಅವನು ಮುದುಡಿಕೊಳ್ಳುತ್ತಿದ್ದ. ಆಮೇಲೆ ಸುಮ್ಮನೆ ಬಿಟ್ಟ. ಈಗ ಅವಳು ಮರೆತರೆ ಅವನೇ ಕೈ ಚಾಚುತ್ತಾನೆ. ಮೊನ್ನೆ ಅಂಗಡಿಗೂ ಹೋದ. ಬೇರೆ ಯಾರೋ ಹೆಣೆದ ಸೀಟನ್ನು ತಡವಿ, "ಯಾವ ಬೇಕೂಫ ಮಾಡಿದ್ದು ಇದನ್ನ?" ಎಂದು ಬೈದನಂತೆ. ಅಕ್ಕ ಖುಷಿಯಿಂದ ಬಂದು ನನಗೆ ಹೇಳಿದಳು.

ಅವನು ಬದುಕಿದ. ಆದರೆ ನನ್ನ ಸಿಟ್ಟು ಇಳಿದಿಲ್ಲ. ನಾನು ಒಂದು ವಾರ ತಡವಾಗಿ ಬಂದಿದ್ದರೆ ಏನಾಗುತ್ತಿತ್ತು?

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬಾಗಿಲು ಮುಚ್ಚಿದ ಆ ದಿನಗಳು ಎಲ್ಲರಿಗೂ ಒಟ್ಟಿಗೆ ಮುಗಿಯಲಿಲ್ಲ. ಕಣ್ಣು ಕಾಣದವರು, ಕಿವಿ ಕೇಳದವರು, ಹಾಸಿಗೆ ಹಿಡಿದವರು, ಕೆಲಸ ಹೋದವರು, ಒಂಟಿಯಾಗಿರುವವರು ಇನ್ನೂ ಒಳಗೇ ಕೂತಿದ್ದಾರೆ. ಸುಮ್ಮನಿದ್ದಾರೆ ಅಂದರೆ ಚೆನ್ನಾಗಿದ್ದಾರೆ ಅಂತಲ್ಲ. ನಿದ್ದೆ ಬಿಟ್ಟವರನ್ನು, ಊಟ ಬಿಟ್ಟವರನ್ನು, ನಾನಿದ್ದು ಏನು ಪ್ರಯೋಜನ ಅನ್ನುವವರನ್ನು ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಚಿಕೆಪಟ್ಟು ಕಾಯಬೇಡಿ.

ಓದುತ್ತಾ ಇದ್ದ ಹಾಗೆ ನಿಮಗೆ ಯಾರದೋ ಮುಖ ನೆನಪಾಯಿತಲ್ಲ? ಹಾಗಾದರೆ ಇನ್ನೂ ಯಾಕೆ ಕೂತಿದ್ದೀರಿ? ಈ ಕಾಗದ ಕೆಳಗಿಡಿ. ಹೋಗಿ, ಅವರ ಪಕ್ಕ ಕೂತು ಕೇಳಿ.