ಕುರಿಯ ಕಣ್ಣು ನೋಡುವ ಗಾದ್ರಪ್ಪ ಮಗಳ ಕಣ್ಣು ನೋಡಲಿಲ್ಲ

ನನ್ನ ಹೆಸರು ಶಾಂತಕುಮಾರಿ. ದೊಡ್ಡಉಳ್ಳಾರ್ತಿಯ ಸುತ್ತಮುತ್ತಲಿನ ಹಳ್ಳಿಗಳಿಗೆ ನಾನು ಆರೋಗ್ಯ ಸಹಾಯಕಿ. ಜನ ಕರೆಯುವುದು ನರ್ಸಮ್ಮ ಎಂದು. ಹದಿನಾರು ವರ್ಷದಿಂದ ಒಂದೇ ಮಾತು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಬೆಳೆಯುವ ಮಕ್ಕಳಿಗೆ ಬೆಳಿಗ್ಗೆ ಹೊಟ್ಟೆ ತುಂಬ ಕೊಡ್ರಿ, ಸೊಪ್ಪು ಕಾಳು ತಿನ್ನಿಸ್ರಿ, ಓಡಾಡೋಕೆ ಬಿಡ್ರಿ. ಎಲ್ಲರೂ "ಹೂಂ ನರ್ಸಮ್ಮ" ಎನ್ನುತ್ತಾರೆ. ನಾನು ಬೀದಿ ದಾಟುವಷ್ಟರಲ್ಲಿ ಅದೇ ಮನೆಯ ಮಗು ಅಂಗಡಿ ಮುಂದೆ ನಿಂತು ಖಾರದ ಪ್ಯಾಕೆಟ್ ಹರಿಯುತ್ತಿರುತ್ತದೆ. ಸಿಟ್ಟು ಬರುವುದಿಲ್ಲವೇ, ನೀವೇ ಹೇಳಿ.

ಇದು ಇದೇ ವರ್ಷ, ಎರಡು ಸಾವಿರದ ಆರರಲ್ಲಿ ನಡೆದ ಮಾತು. ಕುರಿ ಮೇಯುವ ಹುಲ್ಲಿನ ಕಾವಲಿನ ಅಂಚಿನಲ್ಲಿ ಗಾದ್ರಪ್ಪನ ಮನೆ. ಎಂಬತ್ತು ಕುರಿ, ಒಬ್ಬಳೇ ಮಗಳು. ಅವಳು ಸ್ವಪ್ನ, ಒಂಬತ್ತನೇ ಕ್ಲಾಸು. ಆ ಮನೆತನದಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. "ನಾನೂ ನಿಮ್ಮಂಗೆ ನರ್ಸ್ ಆಗ್ತೀನಿ" ಎಂದು ನನ್ನ ಚೀಲ ಹಿಡಿದು ಜೊತೆಗೆ ಬರುತ್ತಿದ್ದಳು. ಒಂದು ಶನಿವಾರ ಅವಳು ಶಾಲೆಯ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದು ಬಿದ್ದಳು. ಅದು ಮೂರನೇ ಸಲ. ಸುದ್ದಿ ತಿಳಿದು ಸಂಜೆ ಅವರ ಮನೆಗೆ ಹೋದೆ.

ಗಾದ್ರಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡವನೇ ಶುರು ಮಾಡಿದ.

"ಸೋಮವಾರ ಹೋಗಿ ಟೀಸಿ ತಂದ್ಬಿಡ್ತೀನಿ ನರ್ಸಮ್ಮ. ಓದಿದ್ದು ಸಾಕು. ಓದಿ ಓದಿ ನೆತ್ತಿಗೆ ಏರೈತೆ."

"ಯಾವ ಡಾಕ್ಟರು ಹೇಳಿದ್ರು?"

"ಡಾಕ್ಟರು ಯಾಕ್ ಹೇಳ್ಬೇಕು? ಮನೇಲಿದ್ರೆ ಬೀಳಲ್ಲ, ಸ್ಕೂಲಿಗೆ ಹೋದ್ರೆ ಬೀಳ್ತಾಳೆ. ಕಣ್ಣಿಗೆ ಕಾಣ್ತಾ ಐತಲ್ರೀ."

ಸ್ವಪ್ನ ಒಳಗೆ ಟೀವಿ ಮುಂದೆ ಗೋಡೆಗೆ ಒರಗಿದ್ದಳು. ಅತ್ತು ಅತ್ತು ಮುಖ ಊದಿತ್ತು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ.

"ಟೀ, ಬನ್ನು."

"ನಿನ್ನೆ ಮಧ್ಯಾಹ್ನ?"

"ಡಬ್ಬಿ ಒಯ್ದಿರಲಿಲ್ಲ. ಅಂಗಡೀಲಿ ಪ್ಯಾಕೆಟ್ ತಿಂದೆ."

ಅವಳ ತಾಯಿ ಬೋರಕ್ಕ ಒಲೆಯ ಹತ್ತಿರದಿಂದಲೇ ಕೂಗಿದಳು. "ನಾನು ದಿನಾ ಮುದ್ದೆ ಮಾಡ್ತೀನಿ ನರ್ಸಮ್ಮ. ಇವರೇ ಬ್ಯಾಡ ಅಂತಾರೆ!"

"ಮುದ್ದೆ ದುಡಿಯೋರಿಗೆ," ಎಂದ ಗಾದ್ರಪ್ಪ. "ಓದೋ ಮಗು ಮುದ್ದೆ ಉಂಡ್ರೆ ಕ್ಲಾಸಲ್ಲಿ ತೂಕಡಿಸ್ತೈತೆ. ಹಗುರಾಗಿ ತಿನ್ಬೇಕು. ಟೀವೀಲಿ ಫಾರಿನ್ ಮಕ್ಕಳು ನೋಡ್ರಿ, ಬ್ರೆಡ್ಡು ಬಿಸ್ಕತ್ತು ತಿಂದು ಹೆಂಗವ್ರೆ!"

ಫಾರಿನ್ ಅಂದ ಕೂಡಲೇ ನನ್ನ ಸಹನೆ ಹೋಯಿತು.

"ಆ ಫಾರಿನ್ ಕಥೆ ನನ್ನ ಹತ್ರ ಹೇಳ್ಬ್ಯಾಡ ಗಾದ್ರಣ್ಣ. ಹೋದ ತಿಂಗಳು ತರಬೇತೀಲಿ ಡಾಕ್ಟರು ಅದನ್ನೇ ಹೇಳಿದ್ರು. ಯುರೋಪಿನ ದೇಶಗಳಲ್ಲೂ ಈ ವಯಸ್ಸಿನ ಮಕ್ಕಳದ್ದು ಇದೇ ಗೋಳು. ಬೆಳಿಗ್ಗೆ ತಿನ್ನದೆ ಸ್ಕೂಲಿಗೆ ಹೋಗೋ ಮಕ್ಕಳು ಬೇಕಾದಷ್ಟು. ಹಣ್ಣು ತರಕಾರಿ ಬ್ಯಾಡ, ಬಾಟ್ಲಿ ಜ್ಯೂಸು ಬೇಕು. ಟೀವಿ, ಕಂಪ್ಯೂಟರ್ ಮುಂದೆ ಕೂತ್ರೆ ಏಳಲ್ಲ. ಎಷ್ಟೋ ಮಕ್ಕಳು ಊದ್ಕೊಂಡವ್ರೆ. ಹೆಣ್ಣುಮಕ್ಕಳಿಗೆ ಅಲ್ಲೂ ರಕ್ತ ಕಮ್ಮಿ ಆಗ್ತೈತೆ. ಅಲ್ಲಿನ ಡಾಕ್ಟರುಗಳೂ ನನ್ನಂಗೇ ತಲೆ ಚಚ್ಕೋತಾವ್ರೆ. ಟೀವೀಲಿ ನೀನು ನೋಡೋದು ಬಿಸ್ಕತ್ತಿನ ಜಾಹೀರಾತು!"

"ಅಯ್ಯೋ, ಅಲ್ಲೂನಾ?" ಎಂದು ಗಾದ್ರಪ್ಪನ ತಾಯಿ ಯರ್ರಮ್ಮ ಗದ್ದಕ್ಕೆ ಕೈಯಿಟ್ಟುಕೊಂಡಳು.

ಗಾದ್ರಪ್ಪ ಬಗ್ಗುವ ಆಸಾಮಿಯಲ್ಲ. "ನಾನು ಇವಳನ್ನ ಹೆಂಗೆ ನೋಡ್ಕಂತೀನಿ ಗೊತ್ತೇನ್ರಿ? ಕುರಿ ಹಿಂದೆ ಕಳ್ಸಿಲ್ಲ, ನೀರಿಗೆ ಕಳ್ಸಿಲ್ಲ. ಅರ್ಧ ಮೈಲಿ ಸ್ಕೂಲಿಗೂ ಗಾಡೀಲೇ ಬಿಡ್ತೀನಿ. ಬಿಸಿಲಿಗೆ ಬಾಡ್ತಾಳೆ ಅಂತ ಆಟಕ್ಕೂ ಬ್ಯಾಡ ಅಂತ ಮೇಷ್ಟ್ರಿಗೆ ಹೇಳೀನಿ. ನಮ್ಮ ಹಟ್ಟೀಲಿ ಇಷ್ಟು ಚೆಂದಾಗಿ ಯಾರು ಸಾಕ್ತಾರೆ?"

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. ಇಷ್ಟು ಪ್ರೀತಿ ಇಟ್ಟುಕೊಂಡೇ ಈ ಮನುಷ್ಯ ಮಗುವನ್ನು ಹಾಳು ಮಾಡುತ್ತಿದ್ದಾನಲ್ಲ! ಏನಾದರೂ ಮಾಡಿಕೊಳ್ಳಲಿ ಎಂದು ಎದ್ದು ಚಪ್ಪಲಿ ಮೆಟ್ಟಿದೆ.

ಅಷ್ಟರಲ್ಲಿ ಕೆಳಗಿನ ಬೀದಿಯ ತಿಪ್ಪಯ್ಯ ಒಂದು ಕುರಿ ಹಿಡಿದುಕೊಂಡು ಬಂದ. ಅದನ್ನು ಗಾದ್ರಪ್ಪನಿಗೆ ಮಾರಬೇಕಿತ್ತು. ಗಾದ್ರಪ್ಪ ಎದ್ದು ಹೋಗಿ ಕುರಿಯ ತಲೆ ಹಿಡಿದು, ಹೆಬ್ಬೆರಳಿನಿಂದ ಅದರ ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿದ. ಕುರಿ ಕಾಯುವವರು ಎಲ್ಲರೂ ಹೀಗೆ ನೋಡುತ್ತಾರೆ.

"ಬ್ಯಾಡಲೇ ತಿಪ್ಪಯ್ಯ. ರೆಪ್ಪೆ ಒಳಗೆ ಬೆಳ್ಳಗೈತೆ. ಇದರ ಮೈಯಾಗೆ ರಕ್ತ ಇಲ್ಲ. ಇವತ್ತೋ ನಾಳೆಯೋ ಬೀಳ್ತೈತೆ."

ಮೆಟ್ಟಿದ ಚಪ್ಪಲಿ ಅಲ್ಲೇ ಬಿಟ್ಟು ವಾಪಸು ಬಂದೆ.

"ಗಾದ್ರಣ್ಣ, ಆ ಕುರಿ ಬೀಳೋದು ಯಾಕೆ? ಮೇಯೋಕೆ ಹೋಗಿದ್ದಕ್ಕಾ?"

"ಮೇಯೋಕೆ ಹೋದ್ರೆ ಯಾಕ್ ಬೀಳ್ತೈತೆ? ರಕ್ತ ಇಲ್ಲದ್ದಕ್ಕೆ ಬೀಳ್ತೈತೆ. ಕೂಡಿ ಹಾಕಿದ್ರೆ ಕುರಿಗೆ ಕಾಲು ಹಿಡ್ಕಂತಾವೆ. ಕಾವಲಲ್ಲಿ ನಡೀಬೇಕು, ನಾಕು ತರದ ಸೊಪ್ಪು ಕಡೀಬೇಕು."

"ಎಲ್ಲಾ ನಿನಗೇ ಗೊತ್ತೈತಲ್ಲ! ಸ್ವಪ್ನಾ, ಬಾರೇ ಬೆಳಕಿಗೆ." ಅವಳನ್ನು ಅಂಗಳಕ್ಕೆ ಕರೆದು ನಿಲ್ಲಿಸಿದೆ. "ಈಗ ಇವಳ ರೆಪ್ಪೆ ಎಳೆದು ನೋಡು."

"ಮನುಷ್ಯರದ್ದು ನಂಗೇನು ತಿಳೀತೈತೆ ನರ್ಸಮ್ಮ..."

"ನೋಡು ಅಂದೆ."

ನೋಡಿದ. ಎಡಗಣ್ಣು ನೋಡಿದ, ಬಲಗಣ್ಣು ನೋಡಿದ. ಎರಡೂ ಬೆಳ್ಳಗಿದ್ದವು. ತಾಯಿಯ ಹತ್ತಿರ ಹೋಗಿ, "ಅವ್ವಾ, ನಿನ್ನ ಕಣ್ಣು ತೋರ್ಸು" ಎಂದ. ಯರ್ರಮ್ಮನಿಗೆ ಅರವತ್ತೈದು. ಮುದ್ದೆ, ಹುರುಳಿ ಸಾರು, ಬೆರಕೆ ಸೊಪ್ಪು ಬಿಟ್ಟು ಬೇರೆ ತಿಂದವಳಲ್ಲ. ಈಗಲೂ ದಿನಾ ಕುರಿಮರಿಗಳ ಹಿಂದೆ ನಡೆಯುತ್ತಾಳೆ. ಮುದುಕಿಯ ರೆಪ್ಪೆಯ ಒಳಗೆ ಕೆಂಪಗಿತ್ತು.

ಗಾದ್ರಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಎಂಬತ್ತು ಕುರಿ ಕಣ್ಣು ನೋಡ್ತೀನಿ ನರ್ಸಮ್ಮ. ಇದೊಂದು ನೋಡ್ಲಿಲ್ಲವಲ್ಲ!" ಎಂದವನ ಕಣ್ಣಲ್ಲಿ ನೀರು ಬಂತು. ಸ್ವಪ್ನ ಹೋಗಿ ಅವನ ಪಕ್ಕದಲ್ಲಿ ಕೂತಳು.

ಸೋಮವಾರ ಟೀಸಿ ತರಲು ಹೋಗಲಿಲ್ಲ, ಮಗಳನ್ನು ಆಸ್ಪತ್ರೆಗೆ ಕರೆತಂದ. ರಕ್ತ ಪರೀಕ್ಷೆ ಮಾಡಿದರೆ ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಎಂಟೂವರೆ ಇತ್ತು. ಡಾಕ್ಟರು ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಹೆಣ್ಣುಮಕ್ಕಳು ಮುಟ್ಟಾಗುವ ವಯಸ್ಸಿನಲ್ಲಿ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಊಟದಿಂದ ಅದು ತುಂಬಿಕೊಳ್ಳಬೇಕು, ಟೀ ಬನ್ನಿನಿಂದ ತುಂಬುವುದಿಲ್ಲ ಎಂದು ಬಿಡಿಸಿ ಹೇಳಿದರು.

ಇನ್ನು ನೆಮ್ಮದಿ ಅಂದುಕೊಂಡೆ. ಎಲ್ಲಿಯ ನೆಮ್ಮದಿ! ಐದನೇ ದಿನ ಬೋರಕ್ಕ ಏದುಸಿರು ಬಿಡುತ್ತಾ ಬಂದಳು. "ಹುಡುಗೀಗೆ ಕಪ್ಪಗೆ ಹೊರಕಡೆ ಆಗ್ತೈತೆ. ಮಾತ್ರೆ ನಿಲ್ಲಿಸೀನಿ!" ಹಣೆ ಹಣೆ ಬಡಿದುಕೊಂಡೆ. ಈ ಮಾತ್ರೆ ನುಂಗಿದರೆ ಮಲ ಕಪ್ಪಗಾಗುವುದು ಸಹಜ, ಹೆದರಬೇಡ, ಊಟ ಆದಮೇಲೆ ಕೊಡು, ನಿಂಬೆಹಣ್ಣಿನ ಪಾನಕದ ಜೊತೆ ಕೊಡು, ಆ ಹೊತ್ತಿಗೆ ಟೀ ಮಾತ್ರ ಕೊಡಬೇಡ ಎಂದು ಮತ್ತೆ ಮೊದಲಿನಿಂದ ಹೇಳಿದೆ. ಹೇಳುವುದೇ ನನ್ನ ಕೆಲಸ, ಏನು ಮಾಡಲಿ.

ಆಮೇಲೆ ಆ ಮನೆಯಲ್ಲಿ ಬೆಳಿಗ್ಗೆ ಬನ್ನು ನಿಂತಿತು. ಬಿಸಿ ಮುದ್ದೆ, ಇಲ್ಲವೇ ರೊಟ್ಟಿ ಬಂತು. ಹಿತ್ತಲಲ್ಲಿ ಯಾರೂ ಕೀಳದೆ ಬಿಟ್ಟಿದ್ದ ನುಗ್ಗೆ ಸೊಪ್ಪು ಸಾರಿಗೆ ಬಿತ್ತು. ಪ್ಯಾಕೆಟ್ ಬದಲು ಮನೆಯದೇ ಹುರಿದ ಶೇಂಗಾ, ಬೆಲ್ಲ ಡಬ್ಬಿಯ ಜೊತೆ ಹೋಯಿತು. ಹುಡುಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಗೆಳತಿಯರ ಜೊತೆ ಶಾಲೆಗೆ ನಡೆದೇ ಹೊರಟಳು. ಸಂಜೆ ಟೀವಿಯ ಹೊತ್ತು ಅರ್ಧ ಗಂಟೆಗೆ ಇಳಿಯಿತು. ನಾಲ್ಕು ತಿಂಗಳಿಗೆ ರಕ್ತ ಹನ್ನೊಂದೂವರೆಗೆ ಏರಿತ್ತು. ಖೋಖೋ ಆಟದಲ್ಲಿ ಅವಳ ಕೂಗು ರಸ್ತೆಗೇ ಕೇಳುತ್ತಿತ್ತು. ನನ್ನ ಚೀಲ ಹಿಡಿಯಲು ಮತ್ತೆ ಬಂದಳು.

ಮೊನ್ನೆ ಅವರ ಮನೆ ಮುಂದೆ ಹಾದುಹೋಗುವಾಗ ತಿಪ್ಪಯ್ಯ ಮತ್ತೊಂದು ಕುರಿ ತಂದು ನಿಂತಿದ್ದ. ಗಾದ್ರಪ್ಪ ಕುರಿಯನ್ನು ಮುಟ್ಟಲೇ ಇಲ್ಲ.

"ಕುರಿ ಆಮೇಲೆ ನೋಡಾನ ತಿಪ್ಪಯ್ಯ. ನಿನ್ನ ಮಗಳ ಕಣ್ಣು ನೋಡೀಯೇನಲೇ?"

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅವ್ವಂದಿರೇ, ನಿಮಗೂ ಅದೇ ಪ್ರಶ್ನೆ. ಬೆಳೆಯುವ ಮಗ, ಮಗಳು ಮನೆಯಲ್ಲಿದ್ದರೆ ಈಗಲೇ ಬೆಳಕಿಗೆ ಕರೆದು ರೆಪ್ಪೆ ಎಳೆದು ನೋಡಿ. ಬೆಳ್ಳಗಿದ್ದರೆ, ಸುಸ್ತು ತಲೆಸುತ್ತು ಇದ್ದರೆ, ಆಸ್ಪತ್ರೆಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿ. ಕೆಂಪಗೆ ಕಂಡರೂ ಬೆಳಗಿನ ಊಟ ತಪ್ಪಿಸಬೇಡಿ, ಆಟ ಬಿಡಿಸಬೇಡಿ. ಶಾಲೆಯನ್ನಂತೂ ಬಿಡಿಸಲೇಬೇಡಿ. ನನ್ನ ಗಂಟಲು ಪೂರ್ತಿ ಹೋಗುವ ಮೊದಲು ಇದಿಷ್ಟು ಮಾಡಿ.